ದಾಗು

ಶಹಾಬಾದಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತೇನೆ.
ಎಷ್ಟು ಫೂಟು ಬಂತು, ಎಷ್ಟು ಒಡೆಯಿತು,
ಯಾವ ಲಾರಿ, ಯಾವ ಊರು, ಬಾಕಿ ಎಷ್ಟು.
ಕೂದಲಲ್ಲಿ ಕಲ್ಲಿನ ಹಿಟ್ಟು, ಚಹಾದ ಮೇಲೆ ಕಲ್ಲಿನ ಕೆನೆ.
ಇಂಥವಳನ್ನು ಹಿಡಿದು ಮೊನ್ನೆ ಸೇಠ ಅಂದ:
"ಅಕ್ಕೋರೆ, ನೀವು ಭಾಳ ರೋಮ್ಯಾಂಟಿಕ್ ಇದೀರಿ."
ಬೈಗುಳದ ಹಾಗೇ ಅಂದ.

ಗುಲಾಬಿ ಹಿಡಿದವಳಲ್ಲ ನಾನು.
ವಯಸ್ಸಿನಲ್ಲಿ ಬಂದ ಒಂದೇ ಒಂದು ಪತ್ರಕ್ಕೆ
ಉತ್ತರ ಬರೆಯುವ ಮೊದಲು ಅದರ ಕಾಗುಣಿತ ತಿದ್ದಿದ್ದೆ;
ಎರಡನೆಯದು ಬರಲಿಲ್ಲ.
ಸಿನಿಮಾದಲ್ಲಿ ಅಳುವವರ ನಡುವೆ ಕೂತು
ಶೇಂಗಾ ಸಿಪ್ಪೆ ಎಲ್ಲಿ ಹಾಕಲಿ ಅಂತ ಹುಡುಕಿದವಳು.

ಆಗಿದ್ದು ಇಷ್ಟು:
ಗಣಿಯ ಕೆಳಪದರದಿಂದ ಬಂದ ಫರಸಿಯೊಂದರ ಮೇಲೆ
ಚಾಂದಪಾಶಾ ಪೈಪು ಹಿಡಿದು ನೀರು ಬಿಟ್ಟ.
ಬೂದು ಕಲ್ಲಿನೊಳಗಿಂದ ಒಂದು ಗಿಡ ಎದ್ದಿತು.
ಕಡ್ಡಿ ಒಡೆದು ಕಡ್ಡಿ, ಅದರ ತುದಿಗೆ ಮತ್ತೆ ಕಡ್ಡಿ,
ಕಾಡಿಗೆಯಲ್ಲಿ ಬರೆದಷ್ಟು ಕಪ್ಪು.
ನೀರು ಆರಿತು. ಗಿಡ ಹೋಯಿತು.
"ಇನ್ನೊಮ್ಮೆ ಬಿಡು" ಅಂದೆ.
"ದಾಗು ಅದ ಅಕ್ಕೋರೆ, ಎಷ್ಟು ತೊಳದ್ರೂ ಹೋಗಂಗಿಲ್ಲ" ಅಂದು
ಅವ ಇನ್ನೊಮ್ಮೆ ಬಿಟ್ಟ.

ದಾಗು ಬಿದ್ದ ಮಾಲು ಎರಡನೇ ನಂಬರು,
ಫೂಟಿಗೆ ನಾಲ್ಕು ರೂಪಾಯಿ ಕಡಿಮೆ.
ಗೊತ್ತಿದ್ದೂ, ಖಾತೆಯಲ್ಲಿ, ನೀಲಿ ಶಾಯಿಯಲ್ಲಿ
ನಾನು ಬರೆದೆ: ಗಿಡ, ಒಂದು. ಆರು ಫೂಟು.

ಡಿಗ್ರಿ ಕಾಲೇಜಿನ ಪ್ರಭುಲಿಂಗ ಸರ
ಹೊಸ ಮನೆಗೆ ಕಲ್ಲು ನೋಡಲು ಬಂದಿದ್ದರು.
ಕನ್ನಡಕ ಹಣೆಗೇರಿಸಿ, ಬಗ್ಗಿ, ಉಗುರಿನಿಂದ ಕೆರೆದು ಹೇಳಿದರು:
"ಇದು ಗಿಡ ಅಲ್ರಿ. ಗಿಡ ಹುಟ್ಟೋಕಿಂತ ಮೊದಲಿನ ಕಲ್ಲು ಇದು.
ಬಿರುಕಿನ್ಯಾಗ ನೀರು ಇಳದದ, ನೀರಿನ ಜೋಡಿ ಮ್ಯಾಂಗನೀಸು.
ನೀರು ಹೋತು, ಮ್ಯಾಂಗನೀಸು ಉಳೀತು. ಇಷ್ಟೇ."

ಅವರ ಮಾತು ನಂಬಿದೆ. ಒಂದಕ್ಷರ ಬಿಡದೆ ನಂಬಿದೆ.
ನಂಬಿದ ಮೇಲೇ ಎದೆ ಝಲ್ಲೆಂದದ್ದು:
ಗಿಡ ಅಂದರೆ ಏನೆಂದು ಯಾರೂ ಹೇಳಿಕೊಡದೆ,
ಬೆಳಕು ಕಾಣದೆ, ಎರಡು ಪದರಿನ ಇಕ್ಕಟ್ಟಿನಲ್ಲಿ,
ಮ್ಯಾಂಗನೀಸಿಗೂ ಹೀಗೇ ಕವಲೊಡೆಯಬೇಕು ಅನ್ನಿಸಿತಲ್ಲ!
"ಅನ್ನಿಸೋದು ಎಲ್ಲಿಂದ ಬಂತ್ರಿ ಅದಕ್ಕ" ಅಂತ ಸರ ನಕ್ಕರು,
ದಾಗಿಲ್ಲದ ಕಲ್ಲು ಆರಿಸಿಕೊಂಡು ಹೋದರು.
ಒಳ್ಳೆಯವರು. ಅವರ ಮನೆ ತಂಪಾಗಿರಲಿ.

ಕಾಗಿಣಾ ಕಡೆಯ ಗಾಳಿಯೂ ಬಾರದ ಆ ಮೇ ರಾತ್ರಿ
ನೆಲಕ್ಕೆ ನೀರು ಚೆಲ್ಲಿ, ಬೆನ್ನು ಕೊಟ್ಟು ಮಲಗಿ ಯೋಚಿಸಿದೆ.
ಸುಳ್ಳು ನಂಬುವವರಿಗೆ ಬೇರೆ ಹೆಸರಿದೆ, ನನ್ನದು ಅದಲ್ಲ.
ನನಗೆ ದರ ಗೊತ್ತು, ತೂಕ ಗೊತ್ತು.
ಜಾರಿದ ಕಲ್ಲಿನಡಿ ಮಾಣಿಕಪ್ಪನ ಎರಡು ಬೆರಳು ಹೋದದ್ದು
ನಾನೇ ಬರೆದಿದ್ದೇನೆ, ಬೆರಳಿಗೆ ಎಷ್ಟು ಕೊಟ್ಟರು ಅದನ್ನೂ.
ಎಲ್ಲ ಬರೆದಾದ ಮೇಲೆ
ಪುಟದ ಕೆಳಗೆ ಒಂದು ಗೆರೆ ಖಾಲಿ ಉಳಿಯುತ್ತದೆ.
ಅದಕ್ಕೆ ಅಡ್ಡಗೀಟು ಎಳೆಯಬೇಕು ಅನ್ನುತ್ತಾರೆ ಆಡಿಟರು,
ಆಮೇಲೆ ಯಾರೂ ಏನೂ ಸೇರಿಸಬಾರದಂತೆ.
ನಾನು ಎಳೆಯುವುದಿಲ್ಲ.

ಶನಿವಾರ ಹುಮನಾಬಾದಿನಿಂದ ಫೋನು:
"ಪಟ್ಟಿಯಾಗ ಗಿಡ ಅಂತ ಬರದೀರಲ್ಲ, ಅದನ್ನೂ ಹಾಕಿ ಕಳಸ್ರಿ."
ಫೋನು ಹಿಡಿದ ಕೈ ಬೆವರಿತು. "ಎಲ್ಲಿ ಹಾಕ್ತೀರಿ?"
"ಬಚ್ಚಲಕ್ಕರೀ. ಸಸ್ತಾ ಅದಲ್ಲ."
ಸೇಠ ಹೊಟ್ಟೆ ಹಿಡಿದುಕೊಂಡು ನಕ್ಕ,
ಗಣಿಯವರೆಗೂ ಕೇಳಿಸುವ ಹಾಗೆ ನಕ್ಕ.
ನಾನೂ ನಗುತ್ತಲೇ ಬಿಲ್ಲು ಬರೆಯುತ್ತಿದ್ದವಳು
ನಡುವೆ ಪೆನ್ನು ನಿಲ್ಲಿಸಿದೆ.
ಬಚ್ಚಲು!
ಅಲ್ಲಿ ದಿನಾ ನೀರು ಬೀಳುತ್ತದೆ.

ಸಂಜೆ ಲಾರಿಯಲ್ಲಿ, ಸಂದಿಗೆ ಹುಲ್ಲಿಟ್ಟು,
ಫರಸಿಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದರು.
ಚಾಂದಪಾಶಾ ಅದೊಂದನ್ನು ಅರ್ಧ ಎತ್ತಿದವ ತಡೆದ.
ಸೇಠ ಅತ್ತ ಹೋದದ್ದು ನೋಡಿಕೊಂಡ.
ಬಕೆಟ್ಟಿನಿಂದ ಒಂದು ಬೊಗಸೆ ನೀರು ಗೊಜ್ಜಿ
ಮೆಲ್ಲಗೆ ಕೇಳಿದ:
"ಬೇರು ಯಾವ ಕಡೀಗಿ ಅದ, ಅಕ್ಕೋರೆ?
ತೆಲಿ ಕೆಳಗ ಆಗಬಾರ್ದು."