ನಾಳೆ ಬ

ಡಾಂಗ್ಲಾದ ಶಾಲೆ. ತಗಡಿನ ಸೂರಿನ ಕೆಳಗೆ
ನಾನು, ಯಿತಾಯಲ್, ನಡುವೆ ಒಂದು ಸ್ಟಾಪ್‌ವಾಚ್.
ಮೂರೇ ಮಾತು, ಓದು ಮಗಾ ಎಂದೆ.
ಲಾಮ್ ಸಾರ್ ಬೆಲಾಚ್:
ಹಸು ಹುಲ್ಲು ತಿಂದಿತು. ಅಷ್ಟೇ.

ಓದಿದ: ಸಾಮ್... ಲಾರ್...
ಅಲ್ಲಿಗೆ ನಿಂತ. ಹಸುವೂ ಇಲ್ಲ, ಹುಲ್ಲೂ ಇಲ್ಲ.
ನಿಮಿಷ ಮಾತ್ರ ತನ್ನ ಪಾಡಿಗೆ ಮುಗಿಯಿತು.
ಸೊನ್ನೆ ಬರೆಯುವುದು ಸುಲಭ,
ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ಸೇರುತ್ತದೆ.

ಹಾಳೆ ಮಗುಚಿ ಕೇಳಿದೆ:
ಲಾ, ಆಮೇಲೆ ಮ್. ಕೂಡಿಸಿದರೆ?
"ಲಾಮ್! ನಮ್ಮದು ಈಗ ಗಬ್ಬವಾಗಿದೆ."
ಹಾಗಾದರೆ ಕಿವಿ ಸರಿಯಿದೆ. ನಾಲಗೆಯೂ.
ಎಡವುತ್ತಿರುವುದು ಕಣ್ಣು,
ಲ ಮತ್ತು ಸ ನಡುವಿನ ಇಕ್ಕಟ್ಟಿನ ಓಣಿಯಲ್ಲಿ.

ನಮ್ಮ ಅಮ್ಹಾರಿಕ್‌ನಲ್ಲಿ ಎರಡಕ್ಕೂ ಎರಡೆರಡು ಕಾಲು,
ದೀರ್ಘ ಬಂದರೆ ಬಲಗಾಲು ಉದ್ದ;
ಭೇದವೆಲ್ಲ ನೆತ್ತಿಯಲ್ಲಿ.
ಕಾಗುಣಿತದ ದೊಡ್ಡ ಪಟವನ್ನು
ಗೋಡೆಯತ್ತ ಮುಖ ಮಾಡಿ ನಿಲ್ಲಿಸಿದೆ, ಏಳು ವಾರ.
ಮೊರದಲ್ಲಿ ಹರಡಿದ ತೆಫ್ ಹಿಟ್ಟಿನ ಮೇಲೆ ಲ. ಬರೀ ಲ.
ಅವನ ಬೆನ್ನ ಮೇಲೆ ನನ್ನ ಬೆರಳಲ್ಲಿ ಲ.
ಕಚಗುಳಿಗೆ ನಕ್ಕರೆ ಮತ್ತೆ ಮೊದಲಿಂದ.
ಸ ಬಂದದ್ದು ನಾಲ್ಕನೇ ವಾರ,
ಹೊಸ ನೆಂಟನಂತೆ ಹೊಸ್ತಿಲಲ್ಲಿ ಹಿಂಜರಿಯುತ್ತ.

ಇವತ್ತು ಮತ್ತೆ ಅದೇ ಹಾಳೆ. ವಾಚು ಜೇಬಿನಲ್ಲೇ ಇತ್ತು.
ಲಾ...ಮ್. ಬೆರಳು ಸರಿಯಿತು. ಸಾ...ರ್.
ಮೂರನೆಯದಕ್ಕೆ ಬೆರಳು ಕದಲಲಿಲ್ಲ,
ಕಣ್ಣು ಕಿಟಕಿಯಾಚೆ. "ಬೆಲಾಚ್!" ಅಂದೇಬಿಟ್ಟ.
ಓದಿದನೇ?
ಹುಲ್ಲಿನ ಮುಂದೆ ನಿಂತ ಹಸು
ಇನ್ನೇನು ಮಾಡೀತು ಎಂದು ಊಹಿಸಿದನೇ?

ಎರಡಕ್ಕೆ ಸರಿ ಗುರುತು ಹಾಕಿದೆ.
ಮೂರನೆಯದಕ್ಕೆ ಪ್ರಶ್ನೆ.
ನಾಳೆ ಬ.