ಕಲ್ಲಿಗೆ ಕಿವಿ ಅಂತಾರ

ಗಿರಣ್ಯಾಗ ಪಾಳಿ ಹಚ್ಚಿ ನಿಂತಾಗ ನೆನಪಾತು.
ಬೆಟಗೇರಿಯ ಈ ಗಿರಣಿ, ಬೆಲ್ಟು ಪಟಪಟ ಬಡಕೋತ,
ಯಾರ ಮಾತೂ ಯಾರಿಗೂ ಮುಟ್ಟಗೊಡದಂಗ ತಿರಗತೈತಿ.
ಮುಂದ ಎಂಟು ಡಬ್ಬಿ. ನಂದು ಒಂಬತ್ತನೇದು,
ಐದು ಸೇರು ಬಿಳಿಜೋಳ.

ಹೋದ ವರ್ಷ ಇದ ಹೊತ್ತಿಗೆ ಎಸ್ಟೋನಿಯಾದಾಗಿದ್ವಿ.
ನಾನು, ಇವರು, ಇವರ ದಿಮ್ಮು, ಮಗಳು ಸುಗುಣಾ.
ಕೆರಿ ದಂಡಿಗೆ ಕಟ್ಟಿಗಿಯ ಹಳೇ ಕೊಟ್ಟಿಗಿ,
ಅದರಾಗ ಹನ್ನೊಂದು ದೇಶದ ಸಂಸಾರ,
ಹತ್ತು ದಿನ ಹಾಡೂದು, ಕಲಿಯೂದು, ಕಲಿಸೂದು.
ರಾತ್ರಿ ಹನ್ನೊಂದಾದರೂ ಹೊತ್ತು ಮುಳಗವಲ್ದು.
"ದೀಪ ಆರಿಸೂದು ಮರತಾರೇನವ್ವಾ ಇವರು?"
ಸುಗುಣಾ ಕೌದಿ ಮಾರಿ ಮ್ಯಾಲ ಎಳಕೊಂಡು ಕೇಳಿದ್ಲು.

ಖರೇ ಅಂದ್ರ ಅತ್ತಿ ಬರಬೇಕಾಗಿತ್ತು. ಹಾಡು ಅಕಿವು.
ಹುಬ್ಬಳ್ಳಿಯ ಪಾಸ್‌ಪೋರ್ಟ್ ಆಫೀಸಿನ ಗಾಜಿನ ಮಷೀನು
ಅಂದಾನವ್ವನ ಹತ್ತೂ ಬೆರಳು ನೆಕ್ಕಿ ನೋಡಿ
ಏನೂ ಇಲ್ಲ ಅಂತು.
ಕಲ್ಲಿನ ಗೂಟ ಹಿಡಿದು, ಮಗ್ಗದ ನೂಲು ಹಿಡಿದು
ನುಣ್ಣಗಾದ ಬೆರಳು.
"ಇನ್ನೊಂದಪಾ ಬರ್ರಿ ಅಜ್ಜಿ" ಅಂದ್ರು.
"ಗುರುತ ಹಿಡೀಲಾರದವರ ಮನಿಗೆ ಎರಡನೇ ಸಲ ಹೋಗಾಂಗಿಲ್ಲ" ಅಂದು
ಹಳೇ ಬಸ್‌ಸ್ಟ್ಯಾಂಡಿನ್ಯಾಗ ಗಿರಮಿಟ್ಟು ತಿಂದು ವಾಪಸ್ ಬಂದ್ಲು.
ನಾಕು ತಿಂಗಳು ಅಕಿ ಹೇಳಿದ್ದು ನಾ ಬರಕೊಂಡೆ,
ಸುಗುಣಾನ ಗಣಿತದ ನೋಟಬುಕ್ಕಿನ ಹಿಂದ.

ಮೂರನೇ ದಿನ ನನ್ನ ಪಾಳಿ.
ಬೀಸೂ ಪದ ಕಲಿಸಬೇಕು, ಬೀಸಾಕ ಕಲ್ಲಿಲ್ಲ.
ನಲವತ್ತು ಮಂದಿ ಗುಂಡಗ ಕುಂತು
ಬರೇ ಗಾಳಿ ಬೀಸಿದ್ರು.
ಚಂದನೂ ಇತ್ತು, ನಗೂನೂ ಬರ್ತಿತ್ತು.
ಆಗ ಉದ್ದ ಗಡ್ಡದಾಂವ ಒಬ್ಬ ಪೆನ್ನು ತಗದು ಕೇಳಿದ:
ಒಂದು ನುಡಿಗೆ ಕಲ್ಲು ಎಷ್ಟು ಸುತ್ತು?

ನಾ ಇವರ ಮಾರಿ ನೋಡಿದೆ.
ಇವರು ದಿಮ್ಮಿನ ಮಾರಿ ನೋಡಿದ್ರು.
"ಮೂರು" ಅಂದೆ.
ಸುಳ್ಳು. ಒಂದು ಹಿಡಿ ಜೋಳ ಬೀಸಿದಾಕಿ ಅಲ್ಲ ನಾನು.
ನಾ ಹುಟ್ಟೂಕಿಂತ ಮೊದಲ ಮುಳಗುಂದಕ್ಕ ಗಿರಣಿ ಬಂದಿತ್ತು.
ಅತ್ತಿಯ ಕಲ್ಲು ಹಿತ್ತಲದಾಗ
ನೀರಿನ ಟ್ಯಾಂಕಿನ ಮುಚ್ಚಳ ಹಾರಲಾರದಂಗ ಕುಂತೈತಿ.
ಆ ಮೂರು ಈಗ ಯಾವ ಯಾವ ದೇಶದ
ಯಾವ ಪುಸ್ತಕದಾಗ ಐತೋ.

ಆ ಬೆಳ್ಳನ ರಾತ್ರಿ ನೀರಿನ ದಂಡಿಗೆ ಒಬ್ಬಾಕೇ ಕುಂತಿದ್ದೆ.
ಮಾಲ್ಲೆ ಬಂದ್ಲು. ಅಲ್ಲಿಯಾಕಿ, ಅರವತ್ತರ ಹೆಣಮಗಳು.
ನಾ ಮಲ್ಲವ್ವ ಅಂತನ ಕರೀತಿದ್ದೆ, ಓ ಅಂತಿದ್ಲು.
ಹಿಂದಿನ ದಿನ ಅಕಿ ಹಾಡಿದ್ದೂ ಬೀಸೂ ಪದನ ಅಂತ.
ಸುಗುಣಾ ತನ್ನ ಸಾಲಿ ಇಂಗ್ಲಿಷಿನ್ಯಾಗ
ಆ ಕಡಿದು ಈ ಕಡಿಗೆ ಹಾಕಿದ್ಲು:
"ಅವ್ವಾ, ಇಕಿನೂ ಬೀಸಿಲ್ಲಂತ."

ಮಾಲ್ಲೆ ನೀರಿನಿಂದ ಒಂದು ಹಳ್ಳು ಎತ್ತಿ ನನ್ನ ಅಂಗೈಯಾಗಿಟ್ಲು.
"ಕಿವಿ" ಅಂದ್ಲು.
ನಾ ನನ್ನ ಕಿವಿ ಮುಟ್ಟಿಕೊಂಡೆ. ಬೆಂಡವಾಲಿ ಬಿತ್ತೇನೋ ಅಂತ.
ಅಲ್ಲಲ್ಲ, ಇದು, ಇದು. ಕಲ್ಲು ತಟ್ಟಿ ತೋರಿಸಿದ್ಲು. ಕಿವಿ.
ಅವರ ಮಾತಿನ್ಯಾಗ ಕಲ್ಲಿಗೆ ಕಿವಿ ಅಂತಾರ.
ನಕ್ಕು ನಕ್ಕು ಸಾಕಾಗಿ
ಮ್ಯಾಲ ಯಾಕೋ ಇಬ್ಬರೂ ಸುಮ್ಮನಾದ್ವಿ.

ಊರಿಗೆ ಬಂದು ಚಪ್ಪಲಿ ಬಿಡೂದರಾಗ ಅತ್ತಿ ಕೇಳಿದ್ಲು:
"ಅಷ್ಟು ಮಂದಿ ಬೀಸಿದ್ರಲ್ಲ, ಹಿಟ್ಟು ಎಷ್ಟು ಬಂತು?"
ಮೂರು ಸುತ್ತಿನ ಸುಳ್ಳು ಹೇಳಿ ತಪ್ಪೊಪ್ಪಿಕೊಂಡೆ.
ಬೈಲಿಲ್ಲ. ಶೇಂಗಾ ಸುಲಿಯೂದು ನಿಲ್ಲಸಲಿಲ್ಲ.
"ಎಣಿಸಿದಾಕಿ ಬೀಸಾಂಗಿಲ್ಲ,
ಬೀಸಿದಾಕಿ ಎಣಿಸಾಂಗಿಲ್ಲ. ಬಿಡು."

ಹಳ್ಳು ಅಕಿ ಉಡಿಯಾಗ ಹಾಕಿ ಹೇಳಿದೆ,
ಎತ್ತಿ, ಅಲ್ಲಿ ಇದಕ್ಕ ಕಿವಿ ಅಂತಾರ.
ಬೆರಳ ಗುರುತಿಲ್ಲದ ಕೈಲೆ ಸವರಿ ನೋಡಿದ್ಲು.
ಅಕಿಗೆ ಅದರಾಗ ಆಶ್ಚರ್ಯ ಏನೂ ಕಾಣಲಿಲ್ಲ.
"ಮತ್ತೇನಂತಾರ?
ಮೂರು ಗಂಟೆ ನಸುಕಿನ್ಯಾಗ ಎದ್ದು
ಗಂಡಂದು, ನೆಗೆಣ್ಣಿದು, ಸತ್ತ ಕೂಸಿಂದು
ಯಾರ ಮುಂದ ಹೇಳತಿದ್ವಿ ಅಂತ ತಿಳದೀ?"

ಗಿರಣಿಯಾಂವ ಏನೋ ಕೂಗತಾನ, ಡಬ್ಬಿ ತೋರಿಸಿ.
ಬೆಲ್ಟಿನ ಸಪ್ಪಳದಾಗ ತುಟಿ ಅಷ್ಟ ಕಾಣತಾವು.