ಹತ್ತೂವರೆಯ ಬಿಸಿಲು

ಆಗ ನಾನು ಕಚೇರಿಯಲ್ಲಿ ಎಲ್ಲರಿಗಿಂತ ಕಿರಿಯ.
ಬಿಳಿ ಫೋಮ್ ಹಲಗೆಯಲ್ಲಿ ಮನೆ ಕತ್ತರಿಸುವುದು ನನ್ನ ಕೆಲಸ:
ಐವತ್ತರಲ್ಲೊಂದು ಪಾಲಿನ ಮನೆ,
ಕಡ್ಡಿಪೆಟ್ಟಿಗೆಯಷ್ಟು ಅಡುಗೆಕೋಣೆ,
ಹೆಬ್ಬೆರಳಿಗೆ ಮೂರು ಗಾಯ.

ಜಾಗವೆಂದರೆ ಟೋಕಿಯೋದ ಕ್ಯೋಜಿಮಾದಲ್ಲಿ, ಗಲ್ಲಿಯೊಂದರ ತಿರುವಿನಲ್ಲಿ,
ಬಿದ್ದ ಹಲ್ಲಿನ ಸಂದು.
ಆಚೆ ಮರದ ಮನೆ, ಈಚೆ ಮರದ ಮನೆ,
ನಡುವೆ ಮೂರೂವರೆ ಮೀಟರು.
ತಲೆಯ ಮೇಲೆ ಹದಿನೇಳು ತಂತಿ, ಎಣಿಸಿದ್ದೇನೆ.
ಬೀದಿಯುದ್ದಕ್ಕೂ ಕುಂಡಗಳು; ಯಾರ ಗಿಡ ಯಾರದೋ,
ನೆನಪಾದವರು ನೀರು ಹೊಯ್ಯುತ್ತಾರೆ.

ನಮ್ಮ ಯಜಮಾನಿ ಹಿವತಾರಿ ಸಾಯೊ
ಮೊದಲ ವಾರ ಒಂದು ಗೆರೆ ಎಳೆಯಲಿಲ್ಲ.
ಮಡಚುವ ಕುರ್ಚಿ ಹಾಕಿಕೊಂಡು ಅಲ್ಲಿ ಕೂತರು,
ಕೊಳ್ಳಲು ಬಂದವರ ಹಾಗಲ್ಲ,
ಸಾಲ ಕೇಳಲು ಬಂದು ಬಾಯಿ ಬಾರದವರ ಹಾಗೆ.

ನಾಲ್ಕನೆಯ ದಿನ ಎಡಮನೆಯ ಕನೆಮಿತ್ಸು ತೊಮಿ ಬಂದರು.
ಎಂಬತ್ತೊಂದು ವರ್ಷ. ಕಂಕುಳಲ್ಲಿ ಬಿದಿರಿನ ಮೊರ,
ಮೊರದ ತುಂಬ ಉಪ್ಪುಂಡ ಉಮೆ ಹಣ್ಣು.
"ಮಳೆಗಾಲ ಕಳೆದ ಮೇಲೆ ಮೂರು ದಿನ
ಇವಕ್ಕೆ ಬಿಸಿಲು ಬೇಕು.
ನನ್ನ ಜಗುಲಿಗೆ ಅದು ಹತ್ತೂವರೆಗೆ ಬರುತ್ತದೆ, ಈ ಖಾಲಿ ಜಾಗ ಹಾದು.
ಅದನ್ನು ನೀವು ಎಲ್ಲಿಡುತ್ತೀರಿ?"

ಎಲ್ಲಿಡುತ್ತೀರಿ ಅಂದರು.
ಕಿತ್ತುಕೊಳ್ಳುತ್ತೀರಾ ಅನ್ನಲಿಲ್ಲ.

ಕಾನೂನು ಕೇಳಿದ್ದು ಬೀದಿಯ ಕಡೆ ಒಂದು ಓರೆ, ಅಷ್ಟೇ.
ಸಾಯೊ ಎಡಕ್ಕೂ ಕೊಯ್ಯಲು ಹೇಳಿದರು. ಕೊಯ್ದೆ.
ಮೇಜಿನ ದೀಪ ಎತ್ತಿ ಹಿಡಿದು
ಜುಲೈ ಇಪ್ಪತ್ತೈದರ ಸೂರ್ಯನನ್ನು ಮಾಡಿದೆ;
ಕಾಗದದ ಜಗುಲಿಯ ಮೇಲೆ ಕೆಂಪು ಪೆನ್ನಿನ ಚುಕ್ಕೆಗಳೇ ಹಣ್ಣು.
ಇನ್ನೂ ನೆರಳು.
ಇನ್ನೂ ಕೊಯ್ದೆ.
ಮಲಗುವ ಕೋಣೆಗೆ ಒಂದು ಮೂಲೆ ಹೋಯಿತು,
ಮೆಟ್ಟಿಲು ಸೊಂಟ ತಿರುಗಿಸಿಕೊಂಡಿತು.
ಮನೆ ಕಟ್ಟಿಸುವ ದಂಪತಿ ಇಲ್ಲವಾದ ಕಪಾಟನ್ನು ನೋಡುತ್ತ
ಬಹಳ ಹೊತ್ತು ಸುಮ್ಮನಿದ್ದರು.
ಆಮೇಲೆ ಹೆಂಡತಿ, "ನಿನ್ನ ಕೋಟುಗಳನ್ನು ಮಾರೋಣ" ಎಂದಳು.

ತುಂಬಿದ ರೈಲಿನಲ್ಲಿ
ಪಕ್ಕದವರಿಗೆ ಭುಜ ಓರೆ ಮಾಡಿ ನಿಂತವನಂತೆ
ನಿಂತಿತು ಮನೆ.
ಪತ್ರಿಕೆಯವರು ಬಂದರು, ಏಣಿ ಹತ್ತಿದರು,
ಎಡಮನೆಯನ್ನು ಚೌಕಟ್ಟಿನಾಚೆ ಬಿಟ್ಟು ಫೋಟೋ ತೆಗೆದರು.
ಆ ಓರೆಗೆ "ದಿಟ್ಟ ಆಕಾರ" ಎಂದು ಹೆಸರು ಬಿತ್ತು.
ಅದೇ ಹೊತ್ತಿಗೆ ಗೋಡೆಯಾಚೆ ತೊಮಿ,
ಊಟದ ಕಡ್ಡಿಗಳಲ್ಲಿ, ಒಂದೊಂದೇ ಹಣ್ಣನ್ನು ಮಗುಚಿ ಹಾಕುತ್ತಿದ್ದರು.

ಇದಾಗಿ ಒಂಬತ್ತು ವರ್ಷ. ತೊಮಿ ಹೋಗಿ ಆರು.
ಅವರ ಮನೆ ಬೀಳಲು ಎರಡು ದಿನ ಸಾಕಾಯಿತು.
ಅಲ್ಲೀಗ ನಾಲ್ಕು ಕಾರಿನ ಪಾರ್ಕಿಂಗು,
ಹಳದಿ ಗೆರೆ, ನಾಣ್ಯ ನುಂಗುವ ಪೆಟ್ಟಿಗೆ,
ಇಪ್ಪತ್ತು ನಿಮಿಷಕ್ಕೆ ನೂರು ಯೆನ್.
ಪಕ್ಕದವರು ಇಳಿದುಹೋದದ್ದು ತಿಳಿಯದೆ
ಭುಜ ಇನ್ನೂ ಓರೆ.

ನಿನ್ನೆ ಆ ಕಡೆ ಹೋಗಿದ್ದೆ. ಕೆಲಸವೇನಿರಲಿಲ್ಲ.
ಹತ್ತೂವರೆಗೆ, ನಾನು ಕೊಯ್ದ ಅಂಚಿನಿಂದ ಜಾರಿ,
ಬಿಸಿಲು ಮೂರನೆಯ ಚೌಕದಲ್ಲಿ ಇಳಿಯಿತು.
ಅಲ್ಲೊಂದು ಪಾರ್ಸೆಲ್ ವ್ಯಾನು.
ಹುಡುಗ ಬೂಟು ಬಿಚ್ಚಿ
ರಾತ್ರಿಯ ಮಳೆಯಲ್ಲಿ ನೆನೆದ ಕಾಲುಚೀಲಗಳನ್ನು
ಗಾಜಿನ ಕೆಳಗೆ ಹರಡಿದ.
ಸ್ವಲ್ಪ ಹೊತ್ತು ಬಿಟ್ಟು ಮಗುಚಿ ಹಾಕಿದ.
ಕಣ್ಣು ಮುಚ್ಚಿದ.

ಪೆಟ್ಟಿಗೆಯಲ್ಲಿ ಎರಡನೆಯ ನೂರು ಯೆನ್ ಏರುವ ತನಕ
ನಾನೂ ನಿಂತಿದ್ದೆ.